ಪಟ್ಟದಕಲ್ಲಿನ ಗುಡಿಗಳನ್ನು ನೋಡಿ ಬಂದೆ, ಆದರೆ ನೋಡಿದ್ದೇನು?

ಪಯಣಿಗ:

ಕಳೆದ ತಿಂಗಳು ಮನೆಯವರೊಂದಿಗೆ ಬಾದಾಮಿ, ಐಹೊಳೆ ಮತ್ತು ಪಟ್ಟದಕಲ್ಲನ್ನು ಎರಡೇ ದಿನಗಳಲ್ಲಿ ಸುತ್ತಿ ಬಂದೆ. ಮುನ್ನೂರಕ್ಕೂ ಹೆಚ್ಚು ಫೋಟೊಗಳಿವೆ. ಊರಿಗೆ ಮರಳಿ ಅವನ್ನು ತೆರೆದು ಕುಳಿತಾಗ ಯಾವುದು ಯಾವ ಗುಡಿಯ ಚಿತ್ರವೆಂದು ಹೇಳಲಾಗದೆ ಮಗಳ ಮುಂದೆ ನಾಚಿಕೆಯಾಯಿತು. ನಮ್ಮೊಂದಿಗಿದ್ದ ಮಾರ್ಗದರ್ಶಿ ಪ್ರತಿ ಶಿಲ್ಪದ ಪುರಾಣಕಥೆಯನ್ನು ಸೊಗಸಾಗಿ ಹೇಳಿದರು. ಆದರೆ ಗುಡಿಯನ್ನು ಹಾಗೆಯೇ ಏಕೆ ಕಟ್ಟಿದರೆಂಬುದರ ಬಗ್ಗೆ ಒಂದು ಮಾತೂ ಬರಲಿಲ್ಲ. ಶಾಲೆಯಲ್ಲಿ ನಾಗರ, ದ್ರಾವಿಡ, ವೇಸರ ಎಂದು ಬಾಯಿಪಾಠ ಮಾಡಿದ್ದು ನೆನಪಿದೆ, ಆದರೆ ಗುಡಿಯ ಎದುರು ನಿಂತಾಗ ಆ ಹೆಸರುಗಳಾವುವೂ ಉಪಯೋಗಕ್ಕೆ ಬರಲಿಲ್ಲ. ಇತಿಹಾಸವನ್ನು ಓದಿಕೊಂಡು ಹೋಗಬೇಕಿತ್ತೇ, ಅಥವಾ ನೋಡುವುದನ್ನೇ ಬೇರೆ ರೀತಿಯಲ್ಲಿ ಕಲಿಯಬೇಕೇ? ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ ಮೇಷ್ಟ್ರು:

ನಾಚಿಕೆ ಬೇಡ. ಎರಡು ದಿನಗಳಲ್ಲಿ ಮೂರು ಊರು ನೋಡಿದವರಿಗೆಲ್ಲ ಆಗುವುದು ಇದೇ. ಮುನ್ನೂರು ಫೋಟೊಗಳಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಿ: ಪಟ್ಟದಕಲ್ಲಿನ ಗಳಗನಾಥ ಗುಡಿಯದು ಒಂದು, ಅಲ್ಲಿನದೇ ವಿರೂಪಾಕ್ಷ ಗುಡಿಯದು ಒಂದು. ಶಿಲ್ಪಗಳನ್ನು ಸದ್ಯಕ್ಕೆ ಮರೆತು ಶಿಖರವನ್ನಷ್ಟೇ ನೋಡಿ.

ಗಳಗನಾಥದಲ್ಲಿ ಕೆಳಗಿನಿಂದ ಹೊರಟ ಗೆರೆಗಳು ಎಲ್ಲಿಯೂ ಕಡಿಯದೆ ಮೇಲೇರುತ್ತ, ಏರಿದಂತೆಲ್ಲ ಒಳಕ್ಕೆ ಬಾಗಿ, ತುದಿಯಲ್ಲಿರುವ ದುಂಡನೆಯ ಗೀರುಗೀರಿನ ಕಲ್ಲಿನ ಕೆಳಗೆ ಒಂದಾಗುತ್ತವೆ. ಆ ಕಲ್ಲಿಗೆ ಆಮಲಕ ಎನ್ನುತ್ತಾರೆ, ಅಂದರೆ ನೆಲ್ಲಿಕಾಯಿ. ಅಂಗಡಿಯಿಂದ ಒಂದು ನೆಲ್ಲಿಕಾಯಿ ತಂದು ಪಕ್ಕದಲ್ಲಿಟ್ಟು ನೋಡಿದರೆ ಹೆಸರು ಏಕೆ ಬಂದಿತೆಂದು ಯಾರೂ ವಿವರಿಸಬೇಕಾಗಿಲ್ಲ. ವಿರೂಪಾಕ್ಷದ ಶಿಖರ ಹಾಗಲ್ಲ. ಅದು ಮಹಡಿಯ ಮೇಲೆ ಮಹಡಿಯಾಗಿ ನಿಂತಿದೆ, ಮತ್ತು ಪ್ರತಿ ಮಹಡಿಯ ಅಂಚಿನಲ್ಲಿ ಪುಟ್ಟಪುಟ್ಟ ಗುಡಿಗಳ ಸಾಲಿದೆ. ಮೂಲೆಯಲ್ಲಿರುವ ಚೌಕಾಕಾರದ್ದು ಕೂಟ, ನಡುವೆ ಬಂಡಿಯ ಕಮಾನಿನಂತಹ ಮಾಡು ಹೊತ್ತು ಉದ್ದಕ್ಕಿರುವುದು ಶಾಲೆ. ಮೊದಲನೆಯದು ನಾಗರ, ಎರಡನೆಯದು ದ್ರಾವಿಡ. ಇಷ್ಟನ್ನು ಕಣ್ಣಾರೆ ಕಂಡುಕೊಂಡ ಮೇಲೆ ಹೆಸರುಗಳು ಮರೆಯುವುದಿಲ್ಲ.

ಇತಿಹಾಸದ ಸರದಿ ಈಗ ಬರುತ್ತದೆ. ಬಾದಾಮಿ ಚಾಲುಕ್ಯರ ಅರಸ ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದುದರ ನೆನಪಿಗಾಗಿ ರಾಣಿ ಲೋಕಮಹಾದೇವಿ 740ರ ಸುಮಾರಿಗೆ ವಿರೂಪಾಕ್ಷವನ್ನು ಕಟ್ಟಿಸಿದಳು. ಆಗ ಅದರ ಹೆಸರು ಲೋಕೇಶ್ವರ. ಕಂಚಿಯ ಕೈಲಾಸನಾಥ ದೇವಾಲಯದ ಕಂಬವೊಂದರ ಮೇಲೆ ಇದೇ ವಿಕ್ರಮಾದಿತ್ಯನ ಕನ್ನಡ ಶಾಸನವಿದ್ದು, ಆ ಗುಡಿಯ ಸಂಪತ್ತನ್ನು ದೇವರಿಗೇ ಮರಳಿಸಿದನೆಂದು ಅದು ಹೇಳುತ್ತದೆ. ಇದನ್ನೆಲ್ಲ ಓದಿದವರು ಕೂಡಲೇ, "ಅರಸ ಯುದ್ಧದಲ್ಲಿ ಕಂಡದ್ದನ್ನು ಊರಿಗೆ ತಂದ, ದ್ರಾವಿಡ ಶೈಲಿ ಹಾಗೆ ಬಂತು" ಎಂದುಬಿಡುತ್ತಾರೆ. ನಾನೂ ತರಗತಿಯಲ್ಲಿ ಬಹಳ ವರ್ಷ ಹಾಗೆಯೇ ಹೇಳಿದ್ದೆ. ಆದರೆ ಕೂಗಳತೆಯಲ್ಲಿರುವ ಸಂಗಮೇಶ್ವರವನ್ನು ನೋಡಿ. ಅದನ್ನು ಕಟ್ಟಿಸಲು ತೊಡಗಿದವನು ವಿಕ್ರಮಾದಿತ್ಯನ ತಂದೆ ವಿಜಯಾದಿತ್ಯ (ಆಳ್ವಿಕೆ 696ರಿಂದ 733), ಮತ್ತು ಅದರ ಶಿಖರವೂ ದ್ರಾವಿಡವೇ. ಕಂಚಿಯ ಪ್ರಭಾವ ವಿರೂಪಾಕ್ಷದಲ್ಲಿ ಇಲ್ಲವೆಂದಲ್ಲ. ಅದು ಬರುವ ಮೊದಲೇ ಇಲ್ಲಿನವರಿಗೆ ಆ ಭಾಷೆ ಗೊತ್ತಿತ್ತು. ಗುಡಿಯನ್ನು ನೋಡದೆ ಇತಿಹಾಸವನ್ನಷ್ಟೇ ಓದಿದ್ದಕ್ಕೆ ನನಗೆ ಆದ ತಪ್ಪು ಇದು. ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಮೊದಲು ನೋಡಿ, ಆಮೇಲೆ ಓದಿ, ಓದಿದ್ದರ ಮೇಲೆ ಸಂಶಯ ಬಂದಾಗ ಇನ್ನೊಮ್ಮೆ ಹೋಗಿ ನೋಡಿ.

ಬಳಪದಕಲ್ಲು:

ಮೇಷ್ಟ್ರ ಮಾತಿಗೆ ನನ್ನದೊಂದು ಸೇರ್ಪಡೆ: ಶಿಖರಕ್ಕೂ ಮೊದಲು ಕಲ್ಲನ್ನು ಮುಟ್ಟಿ ನೋಡಬೇಕು (ಕಾವಲಿನವರು ಬಿಟ್ಟರೆ). ಪಟ್ಟದಕಲ್ಲಿನದು ಮರಳುಗಲ್ಲು. ಬೇಲೂರು, ಹಳೇಬೀಡುಗಳದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವಂಥದು. ಹೊಯ್ಸಳ ಅರಸ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಗುಡಿಯ ಒಳಗಿನ ಕಂಬಗಳಲ್ಲಿ ಬಳೆ ಜೋಡಿಸಿದಂತೆ ನುಣುಪಾದ ಸುತ್ತುಗಳಿವೆಯಲ್ಲ, ಅದು ಕಂಬವನ್ನು ತಿರುಗಿಸಿ ಕಡೆದದ್ದರ ಗುರುತು. ಮದನಿಕೆಯ (ಕಂಬದ ಮೇಲ್ತುದಿಯಲ್ಲಿ ನಿಲ್ಲಿಸಿದ ಸುಂದರಿಯ ಶಿಲ್ಪ) ಕೈಬಳೆ ತೋಳಿನಿಂದ ಬಿಡಿಯಾಗಿ ಅಲುಗಾಡುವಂತೆ ಕೆತ್ತಲು ಸಾಧ್ಯವಾದದ್ದೂ ಆ ಕಲ್ಲಿನ ಗುಣದಿಂದಲೇ. ಹಂಪಿಯ ಕಣಶಿಲೆಯಲ್ಲಿ (ಗ್ರಾನೈಟ್) ಅಷ್ಟು ಸೂಕ್ಷ್ಮ ಕೆಲಸ ಬಲು ಕಷ್ಟ. ಆದ್ದರಿಂದ ಅಲ್ಲಿನ ಶಿಲ್ಪಿಗಳು ಒಂದೇ ಬಂಡೆಯಲ್ಲಿ ಕಿರುಗಂಬಗಳ ಗುಂಪನ್ನು ಬಿಡಿಸುವುದು, ಕುದುರೆ ಸವಾರರನ್ನು ಕಂಬದಿಂದ ಮುಂದಕ್ಕೆ ಜಿಗಿಸುವುದು ಮುಂತಾದ ದೊಡ್ಡ ಚಲನೆಗಳ ಕಡೆಗೆ ಹೊರಳಿದರು, ಗೋಪುರದ ಮೇಲ್ಭಾಗವನ್ನು ಇಟ್ಟಿಗೆ ಗಾರೆಗಳಲ್ಲಿ ಕಟ್ಟಿದರು. "ಬೇಲೂರಿನ ಮುಂದೆ ಹಂಪಿ ಒರಟು" ಎನ್ನುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ.

ಇನ್ನೊಂದು ಮಾತು. ಬೇಲೂರಿನಲ್ಲಿ ಕೆಲವು ಮದನಿಕೆಗಳ ಪೀಠದಲ್ಲಿ ಅಕ್ಷರಗಳಿವೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಮ್ಮ ಹೆಸರನ್ನು ಅಲ್ಲಿ ಕೊರೆದಿದ್ದಾರೆ. ಮುಂದಿನ ಸಲ ಹೋದಾಗ ಅವನ್ನು ಹುಡುಕಿ.

ಅಡ್ಡಮಾತು:

ಫಲಕದ ಮೇಲೆ ಬರೆದ ಶತಮಾನವನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಐಹೊಳೆಯ ಲಾಡಖಾನ್ ಗುಡಿಯನ್ನು ಹಿಂದೆ ಐದನೆಯ ಶತಮಾನದ್ದು ಎನ್ನುತ್ತಿದ್ದರು. ನಂತರದ ವಿದ್ವಾಂಸರು ಏಳು ಎಂಟನೆಯ ಶತಮಾನಕ್ಕೆ ತಂದರು. ಹೆಸರುಗಳ ಕಥೆಯೂ ಅಷ್ಟೇ. ಅಲ್ಲಿನ ದುರ್ಗದ ಗುಡಿಗೆ ಆ ಹೆಸರು ಬಂದದ್ದು ಕೋಟೆಯಿಂದ, ದುರ್ಗೆಯಿಂದಲ್ಲ.

ಪಯಣಿಗ:

ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ ಮಗಳೊಂದಿಗೆ ಕುಳಿತು ಫೋಟೊಗಳನ್ನು ಶಿಖರದ ಪ್ರಕಾರ ವಿಂಗಡಿಸಿದೆವು, ನೆಲ್ಲಿಕಾಯಿಯನ್ನೂ ತಂದಿದ್ದೆವು. ಕಾಡಸಿದ್ಧೇಶ್ವರ, ಜಂಬುಲಿಂಗ, ಕಾಶಿವಿಶ್ವನಾಥಗಳನ್ನು ಅವಳೇ ಗಳಗನಾಥದ ಗುಂಪಿಗೆ ಸೇರಿಸಿದಳು. ತೊಡಕಾದದ್ದು ಪಾಪನಾಥದಲ್ಲಿ. ಅದರ ಶಿಖರದ ಗೆರೆಗಳು ನೇರ ಮೇಲೇರುತ್ತವೆ, ಆದರೆ ಕೆಳಗೆ ಮಂಟಪದ ಅಂಚಿನಲ್ಲಿ ಮೇಷ್ಟ್ರು ಹೇಳಿದ ಕೂಟ, ಶಾಲೆಗಳ ಸಾಲೂ ಕಾಣುತ್ತದೆ. ನಾವು ತಪ್ಪಾಗಿ ನೋಡುತ್ತಿದ್ದೇವೆಯೇ?

ನಿವೃತ್ತ ಮೇಷ್ಟ್ರು:

ಇಲ್ಲ, ಮಗಳು ಸರಿಯಾಗಿಯೇ ನೋಡಿದ್ದಾಳೆ. ಪಾಪನಾಥದಲ್ಲಿ ಎರಡೂ ಇವೆ, ಮತ್ತು ಅದನ್ನು ಒಂದೇ ಹಂತದಲ್ಲಿ ಕಟ್ಟಲಿಲ್ಲವೆಂದು ಬಲ್ಲವರು ಹೇಳುತ್ತಾರೆ. ಈಗ ಅದರ ಪಕ್ಕನೋಟದ ಚಿತ್ರವೊಂದಿದ್ದರೆ ತೆಗೆದು, ಎರಡು ಮಂಟಪಗಳು ಒಂದರ ಹಿಂದೊಂದು ಸೇರಿ ಗುಡಿ ಎಷ್ಟು ಉದ್ದವಾಗಿದೆಯೆಂಬುದನ್ನು ನೋಡಿ. ಆ ಉದ್ದಕ್ಕೆ ಶಿಖರ ಕುಳ್ಳಾಯಿತೆಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಮಗಳಿಗೆ ಏನನ್ನಿಸಿತೆಂದು ಕೇಳಿ ಬರೆಯಿರಿ.