ನಡುವಿನ ಹೆಸರಿಗೆ ಅಜ್ಜಿ ಹೆಸರೇ ಇಡು

ಮಗಳಿಗೆ ಇರಾ ಅಂತ ಹೆಸರು ಆರಿಸಿದ್ದೇವೆ, ಇಲ್ಲಿ ಅಮೆರಿಕದ ಫಾರ್ಮಿನಲ್ಲಿ ನಡುವಿನ ಹೆಸರು ಏನು ಬರೆಯೋಣ ಅಂತ ಕೇಳಿದ್ದೀಯಲ್ಲ. ಇರಾ ಚಂದದ ಹೆಸರು ತಂಗಿ, ಅದನ್ನು ಬದಲಿಸಬೇಡ. ನಡುವಿನ ಹೆಸರಿಗಾಗಿ ಗಂಡ ಹೆಂಡತಿ ಇಬ್ಬರೂ ಮೊಬೈಲ್ ಹಿಡಿದು ಪಟ್ಟಿ ಹುಡುಕುತ್ತಾ ಕೂತಿದ್ದೀರಲ್ಲ, ಅದು ಬೇಕಿಲ್ಲ. ನಮ್ಮ ಬಾಗಲಕೋಟೆ, ವಿಜಯಪುರ ಕಡೆ ಮಗುವಿನ ಹೆಸರು, ಆಮೇಲೆ ಅಪ್ಪನ ಹೆಸರು, ಕೊನೆಗೆ ಪಾಟೀಲ, ಬಡಿಗೇರ, ಬೆಲ್ಲದ ಅಂತ ಅಡ್ಡಹೆಸರು ಬರೆಯುವುದು ಮೊದಲಿನಿಂದ ಇದೆ ಅಲ್ವಾ? ಹಾಗಾಗಿ ನಿನ್ನ ಮಾವನವರು ನಡುವೆ ತಮ್ಮ ಮಗನ ಹೆಸರು ಹಾಕಿ ಅಂದದ್ದರಲ್ಲಿ ತಪ್ಪಿಲ್ಲ.

ಆದರೆ ಇಲ್ಲಿ ಅಮೆರಿಕದಲ್ಲಿ ಬರ್ತ್ ಸರ್ಟಿಫಿಕೇಟಿನಲ್ಲಿ ಅಪ್ಪ ಅಮ್ಮನ ಹೆಸರು ಬೇರೆಯಾಗಿಯೇ ಇರುತ್ತದೆ. ನಡುವಿನ ಜಾಗ ನಿಮಗೆ ಬಿಟ್ಟಿದ್ದು. ಅಲ್ಲಿ ಅಜ್ಜಿಯ ಹೆಸರು ಬರಲಿ ಅನ್ನುವುದು ನನ್ನ ಆಸೆ. ಗಂಡುಮಗುವಿಗೆ ಅಜ್ಜನ ಹೆಸರಿಡಲು ನಮ್ಮ ಮನೆಗಳಲ್ಲಿ ಯಾರೂ ಮರೆಯುವುದಿಲ್ಲ, ನೀಲವ್ವ, ಗಂಗವ್ವ, ಚೆನ್ನಮ್ಮ ಮಾತ್ರ ಹಳೇ ಹೆಸರು ಅಂತ ಹಾಗೇ ಬಿಟ್ಟುಹೋಗುತ್ತವೆ.

ನಿನ್ನ ಅತ್ತೆ ಚೆನ್ನಮ್ಮ ಅಂದೆಯಲ್ಲ. ಒಮ್ಮೆ ಜೋರಾಗಿ ಅಂದು ನೋಡು, ಇರಾ ಚೆನ್ನಮ್ಮ ಪಾಟೀಲ. ಚಿಕ್ಕ ಹೆಸರಿನ ಹಿಂದೆ ಒತ್ತಕ್ಷರದ ಹೆಸರು ಬಂದು ಎಷ್ಟು ಗಟ್ಟಿಯಾಗಿ ಕೇಳುತ್ತದೆ! ಅದೇ ಇರಾ ಆರಾಧ್ಯಾ ಅಂದರೆ ಎರಡು 'ಆ' ಕೂಡಿಕೊಂಡು ಒಂದು ಹೆಸರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಗೊತ್ತೇ ಆಗುವುದಿಲ್ಲ. ಮುಂದೆ ಮಗಳು ಕೇಳಿದಾಗ ಅಜ್ಜಿಯ ಜೊತೆಗೆ 1824ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ಕಿತ್ತೂರು ರಾಣಿಯ ಕತೆಯನ್ನೂ ಹೇಳಬಹುದು.

ಅತ್ತೆಯ ಹೆಸರು ಹಿಡಿದು ಮಗುವನ್ನು ಗದರುವುದು ಹೇಗೆ ಅಂತ ಕೇಳಿದ್ದೆ. ಆ ಮುಜುಗರ ನಮ್ಮ ಕಡೆ ಎಲ್ಲ ಸೊಸೆಯಂದಿರಿಗೂ ಇದ್ದದ್ದೇ. ಅದಕ್ಕೇ ಅಜ್ಜನ ಹೆಸರಿಟ್ಟ ಹುಡುಗನನ್ನು ಮನೆಯಲ್ಲಿ ಅಪ್ಪು ಅಂತ ಕರೆಯುತ್ತಾರೆ. ನಿನಗೆ ಹೇಗೂ ಕರೆಯಲು ಇರಾ ಇದೆ.

ಫಾರ್ಮ್ ಬಗ್ಗೆ ಮಾತ್ರ ಹುಷಾರು. ಆಸ್ಪತ್ರೆಯಲ್ಲಿ ತುಂಬುವಾಗ ಚೆನ್ನಮ್ಮದಲ್ಲಿ ಎಷ್ಟು ಎನ್, ಎಷ್ಟು ಎಂ ಅಂತ ಇಬ್ಬರೂ ಕೂತು ನೋಡಿ, ಯಾಕಂದರೆ ಅದೇ ಸ್ಪೆಲ್ಲಿಂಗ್ ಪಾಸ್‌ಪೋರ್ಟಿಗೂ ಆಮೇಲೆ ಒಸಿಐ ಕಾರ್ಡಿಗೂ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡು) ಹೋಗುತ್ತದೆ. ಇಂಡಿಯನ್ ಪಾಸ್‌ಪೋರ್ಟಿನಲ್ಲಿ ನಡುವಿನ ಹೆಸರಿಗೆ ಬೇರೆ ಜಾಗ ಇಲ್ಲ, ಹಾಗಾಗಿ ನಮ್ಮಲ್ಲಿ ಎಷ್ಟೋ ಜನರಿಗೆ ಇಲ್ಲಿ ಅಪ್ಪನ ಹೆಸರೂ ಸೇರಿ ಉದ್ದನೆಯ ಮೊದಲ ಹೆಸರಾಗಿ ಕೂತಿದೆ. ಮಗುವಿನ ಅಮೆರಿಕನ್ ಕಾಗದಗಳಲ್ಲಿ ಮೊದಲಿನಿಂದಲೇ ಎಲ್ಲ ಒಂದೇ ಥರ ಇರಲಿ. ವಿಮಾನದ ಟಿಕೆಟ್ಟಿನಲ್ಲಿ ಎರಡೂ ಹೆಸರು ಅಂಟಿಕೊಂಡು ಬಂದರೆ ಗಾಬರಿಯಾಗಬೇಡ, ಅದು ಸಾಮಾನ್ಯ.

ಊರಿಗೆ ಹೋಗಿ ತೊಟ್ಟಿಲಿಗೆ ಹಾಕುವಾಗ ಸೋದರತ್ತೆ ಕಿವಿಯಲ್ಲಿ ಎರಡೂ ಹೆಸರು ಹೇಳಲಿ. ಮಾವನವರಿಗೆ ಮಾತ್ರ ಫಾರ್ಮ್ ತುಂಬುವ ಮೊದಲೇ ನಿನ್ನ ಗಂಡನೇ ಫೋನ್ ಮಾಡಿ ತಿಳಿಸಲಿ. ತಮ್ಮ ಹೆಂಡತಿಯ ಹೆಸರು ಅಂದರೆ ಅವರು ಬೇಡ ಅನ್ನಲಿಕ್ಕಿಲ್ಲ.