ಪದಚರ್ಚೆ: ‘ಪಾಠಾಂತರ’ ಅಂದರೆ ನಿಮಗೆ ಏನು ಕೇಳಿಸುತ್ತದೆ?

ಎಲ್ಲರಿಗೂ ನಮಸ್ಕಾರ.

ರಷ್ಯನ್ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ (1880–1951) ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮಾಸ್ಕೋದಲ್ಲಿ ಹುಟ್ಟಿ ಲಂಡನ್ನಿನಲ್ಲಿ ತೀರಿಕೊಂಡವನು, ಬರೆದದ್ದೆಲ್ಲ ಹೆಚ್ಚುಕಡಿಮೆ ಪಿಯಾನೋಗೇ. ಅವನ ಮೂರನೇ ಕಾನ್ಸರ್ಟೊ (ವಾದ್ಯವೃಂದದ ಜೊತೆ ಪಿಯಾನೋ ನುಡಿಸುವ ಕೃತಿ) ಅರ್ಪಣೆಯಾಗಿರುವುದು ನಮ್ಮ ಜಯಚಾಮರಾಜೇಂದ್ರ ಒಡೆಯರಿಗೆ. ಕೊನೆಗಾಲದಲ್ಲಿ ಅವನು ತನ್ನ ಕೃತಿಗಳನ್ನು ತಾನೇ ನುಡಿಸಿ ರೆಕಾರ್ಡ್ ಮಾಡಲು ದುಡ್ಡು ಕೊಟ್ಟವರೂ ಅವರೇ. ಆದರೂ ಮೈಸೂರಲ್ಲಿ ಈ ಹೆಸರು ಕೇಳಿದವರು ಕಮ್ಮಿ.

ತೊಡಕು ಇರುವುದು ಅವನ ಕೃತಿಗಳ ಸ್ವರಲಿಪಿಯನ್ನು ಅಚ್ಚು ಹಾಕಿದ ಪುಸ್ತಕಗಳ ವಿಷಯದಲ್ಲಿ. 1959ರಿಂದ 1963ರವರೆಗೆ ಮಾಸ್ಕೋದಲ್ಲಿ 12 ಸಂಪುಟ ಬಂದವು. ಅದಕ್ಕೆ ‘ಸಮಗ್ರ ಸಂಪುಟ’ ಅಂದರೆ ಆಯಿತು. ಆದರೆ ಕರ್ತೃವಿನ ಕೈಬರಹ, ಮೊದಲ ಅಚ್ಚು, ಆಮೇಲಿನ ತಿದ್ದುಪಡಿ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎಲ್ಲಿ ಏನು ಬೇರೆಯಿದೆ ಎಂದು ಗುರುತು ಹಾಕಿ ಕೊಡುವ ಪುಸ್ತಕಕ್ಕೆ ಏನನ್ನೋಣ? ಜರ್ಮನರು ಇದನ್ನು ‘ಉರ್‌ಟೆಕ್ಸ್ಟ್’ ಅನ್ನುತ್ತಾರೆ.

‘ಪರಿಷ್ಕೃತ ಆವೃತ್ತಿ’ ಅಂತ ಒಬ್ಬ ಗೆಳೆಯರು ಹೇಳಿದರು. ನನಗೆ ಅದು ತೀರಾ ಉಲ್ಟಾ ಅನಿಸುತ್ತದೆ. ಇನ್ನೊಬ್ಬ ರಷ್ಯನ್ ರಚನಕಾರ ಮುಸೋರ್ಗ್‌ಸ್ಕಿ 1874ರಲ್ಲಿ ಪಿಯಾನೋಗೆ ಬರೆದ ‘ಚಿತ್ರಪ್ರದರ್ಶನ’ದ (ಪಿಕ್ಚರ್ಸ್ ಅಟ್ ಆನ್ ಎಕ್ಸಿಬಿಷನ್) ಸರಣಿಯನ್ನೇ ನೋಡಿ. ಅದರಲ್ಲಿ ಎತ್ತಿನ ಗಾಡಿಯ ತುಣುಕೊಂದಿದೆ. ಕೈಬರಹದಲ್ಲಿ ಅದು ಶುರುವಾಗುವುದೇ ಎರಡು ‘ಎಫ್’ ಹಾಕಿ, ಅಂದರೆ ತುಂಬಾ ಗಟ್ಟಿಯಾಗಿ. ಗಾಡಿ ನಮ್ಮ ಮೂಗಿನ ಮುಂದೆಯೇ ಬಂದ ಹಾಗೆ. ಅವನು ಸತ್ತ ಮೇಲೆ, 1886ರಲ್ಲಿ, ಅವನ ಗೆಳೆಯ, ರಚನಕಾರ ರಿಮ್‌ಸ್ಕಿ-ಕೊರ್ಸಕೋವ್ ಅಚ್ಚು ಹಾಕಿಸಿದಾಗ ಅಲ್ಲಿ ಒಂದು ‘ಪಿ’ ಬಂತು. ಗಾಡಿ ದೂರದಿಂದ ಮೆಲ್ಲಗೆ ಬರತೊಡಗಿತು. ಪರಿಷ್ಕಾರ ಅಂದರೆ ಇದು. 1931ರಲ್ಲಿ ಸಂಪಾದಕ ಪಾವೆಲ್ ಲಾಮ್ ಕೈಬರಹಕ್ಕೆ ಹಿಂತಿರುಗಿ ಮಾಡಿದ್ದು ಆ ಪರಿಷ್ಕಾರವನ್ನು ಬಿಚ್ಚುವ ಕೆಲಸ.

‘ಮೂಲಪಾಠ’ ಚೆನ್ನಾಗಿದೆ, ಆದರೆ ಮೂಲ ಒಂದೇ ಇರಬೇಕಲ್ವಾ? ಕರ್ತೃವೇ ಕರಡಚ್ಚು ತಿದ್ದುವಾಗ ಮನಸ್ಸು ಬದಲಾಯಿಸಿದರೆ ಯಾವುದು ಮೂಲ? ಓಲೆಗರಿಯ ಹಳೆಯ ಕಾವ್ಯಗಳನ್ನು ಸಂಪಾದಿಸಿದವರಿಗೆ ಈ ಫಜೀತಿ ಇರಲಿಲ್ಲ. ಪಂಪನ ಸ್ವಂತ ಕೈಬರಹ ಯಾರಿಗೂ ಸಿಕ್ಕಿಲ್ಲ, ತಪ್ಪನ್ನೆಲ್ಲ ಲಿಪಿಕಾರನ ತಲೆಗೆ ಕಟ್ಟಬಹುದು. ಇನ್ನು ‘ಸಂಪಾದಿತ’ ಎಂದರೆ ನನ್ನ ಮನೆಯಲ್ಲಿ ‘ಇದರಲ್ಲಿ ಸಂಪಾದನೆ ಎಷ್ಟು?’ ಅಂತ ಕೇಳುತ್ತಾರೆ.

ನಿಜವಾದ ತಕರಾರು ‘ಪಾಠಾಂತರ’ದ್ದು. ಗ್ರಂಥಸಂಪಾದನೆ ಓದಿದವರಿಗೆ ಅದು ಅಡಿಟಿಪ್ಪಣಿಯಲ್ಲಿ ಕೂರುವ ಭಿನ್ನಪಾಠ. ಕರ್ನಾಟಕ ಸಂಗೀತದವರಿಗೆ ಅದು ಗುರುವಿನಿಂದ ಬಂದ ಪಾಠ. ‘ನಮ್ಮ ಪಾಠಾಂತರದಲ್ಲಿ ಈ ಸಂಗತಿ (ಸಾಲೊಂದನ್ನು ಬದಲಿಸಿ ಬದಲಿಸಿ ಹಾಡುವ ಬಗೆ) ಇಲ್ಲ’ ಎಂದು ಕೊಂಚ ಹೆಮ್ಮೆಯಿಂದಲೇ ಹೇಳುತ್ತಾರೆ. ಸಂಗೀತದ ಲೇಖನದಲ್ಲೇ ಈ ಪದ ಬಳಸಿದರೆ ಓದುಗರು ಯಾವುದನ್ನು ತಿಳಿದುಕೊಳ್ಳುತ್ತಾರೆ? ತಮಾಷೆ ಅಂದರೆ, ಆ ಮೆಲ್ಲಗೆ ಬರುವ ಗಾಡಿಗೆ ಎರಡೂ ಅರ್ಥ ಸಲ್ಲುತ್ತವೆ. ಸಂಪಾದಕನಿಗೆ ಅದು ಪಕ್ಕಕ್ಕಿಡಬೇಕಾದ ಭಿನ್ನಪಾಠ. ಆ ಅಚ್ಚಿನಿಂದಲೇ ಕಲಿತು ಶಿಷ್ಯರಿಗೂ ಹಾಗೇ ಕಲಿಸಿದವರಿಗೆ ಅದು ಗುರುವಿನ ಪಾಠ.

ಸದ್ಯಕ್ಕೆ ಪುಸ್ತಕಕ್ಕೆ ‘ಪಾಠಶೋಧಿತ ಆವೃತ್ತಿ’, ಒಳಗಿನ ವ್ಯತ್ಯಾಸಕ್ಕೆ ‘ಪಾಠಭೇದ’ ಎಂದು ಬರೆದುಕೊಂಡಿದ್ದೇನೆ. ‘ಪಾಠಾಂತರ’ವನ್ನು ಸಂಗೀತಗಾರರಿಗೇ ಬಿಟ್ಟಿದ್ದೇನೆ. ಇದು ಸರಿಯೇ? ‘ಪಾಠಶೋಧಿತ’ ಬಾಯಿಗೆ ಒರಟಾಯಿತೇ?

ಇನ್ನೊಂದು ಸಣ್ಣ ಪ್ರಶ್ನೆ. ಮೆಟ್ನರ್ ತನ್ನ ಎಷ್ಟೋ ತುಣುಕುಗಳಿಗೆ ‘ಸ್ಕಾಜ್ಕಾ’ ಎಂದು ಹೆಸರಿಟ್ಟ. ‘ಹೇಳು’ ಎನ್ನುವ ರಷ್ಯನ್ ಧಾತುವಿನಿಂದ ಬಂದ ಮಾತು ಅದು. ಇಂಗ್ಲಿಷಿನವರು ‘ಫೇರಿ ಟೇಲ್’ ಎಂದು ಸುಮ್ನೆ ಅದರೊಳಗೆ ಕಿನ್ನರಿಯರನ್ನು ತಂದು ಕೂರಿಸಿದರು. ‘ಅಡಗೂಲಜ್ಜಿ ಕತೆ’ ಅನ್ನೋಣವೆಂದರೆ, ಒಂದು ಸ್ಕಾಜ್ಕಾದ ತಲೆಯ ಮೇಲೆ ಬಿರುಗಾಳಿಯಲ್ಲಿ ನಿಂತ, ಷೇಕ್ಸ್‌ಪಿಯರನ ಲಿಯರ್ ರಾಜನ ಮಾತಿದೆ. ಅದು ಅಜ್ಜಿಯ ಮಡಿಲಲ್ಲಿ ಕೇಳುವಂಥದ್ದಲ್ಲ. ಬರೀ ‘ಕತೆ’ ಸಾಕೇ, ಇಲ್ಲ ‘ಹೇಳುಗತೆ’ ಎಂದು ಹೊಸದಾಗಿ ಕಟ್ಟಲೇ?