ಎಸ್‌ವಿಎನ್‌ನಿಂದ ಗಿಟ್‌ಗೆ: ಹಳೆಯ ಹಿಸ್ಟರಿ ಪೂರ್ತಿ ಬರಬೇಕು, ಹೇಗೆ?

ಮಂಡಿಲೆಕ್ಕ, ಶಿವಮೊಗ್ಗ

ನಮಸ್ಕಾರ. ಶಿವಮೊಗ್ಗದಲ್ಲಿ ನಮ್ಮದೊಂದು ಸಣ್ಣ ಆಫೀಸಿದೆ. ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ರೈತರ ಖಾತೆ, ಮುಂಗಡ, ಬಡ್ಡಿ, ಕಮಿಷನ್, ಹಮಾಲಿ ಎಲ್ಲ ಅದರಲ್ಲೇ. ಕೋಡ್ ಮೊದಲಿನಿಂದಲೂ ಎಸ್‌ವಿಎನ್‌ನಲ್ಲಿದೆ (ಸಬ್‌ವರ್ಷನ್, ಕೋಡಿನ ಪ್ರತಿ ಬದಲಾವಣೆಯನ್ನೂ ಒಂದು ಸರ್ವರಿನಲ್ಲಿ ದಾಖಲಿಸಿಡುವ ಸಾಫ್ಟ್‌ವೇರ್). ನಮ್ಮವರಲ್ಲಿ ಕೆಲವರು ಈಗ ತೀರ್ಥಹಳ್ಳಿ, ಹೊಸನಗರ ಕಡೆ ಮನೆಯಿಂದಲೇ ಕೆಲಸ ಮಾಡುತ್ತಾರೆ. ಮಳೆಗಾಲದಲ್ಲಿ ಕರೆಂಟು ಹೋದರೆ ನೆಟ್ಟೂ ಹೋಗುತ್ತದೆ, ಸರ್ವರ್ ಸಿಗದಿದ್ದರೆ ಎಸ್‌ವಿಎನ್‌ನಲ್ಲಿ ಕಮಿಟ್ ಮಾಡುವುದಿರಲಿ (ಬದಲಾವಣೆ ದಾಖಲಿಸುವುದು) ಹಳೆಯ ಲಾಗ್ ನೋಡುವುದಕ್ಕೂ ಆಗುವುದಿಲ್ಲ. ಅದಕ್ಕೇ ಗಿಟ್, ಅದರಲ್ಲಿ ಪೂರ್ತಿ ಹಿಸ್ಟರಿ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಇರುತ್ತದೆ.

ಈಗಿನ ಕೋಡ್ ಮಾತ್ರ ಹಾಕಿ ಹೊಸದಾಗಿ ಶುರು ಮಾಡಿ ಅಂತ ಕೆಲವರು ಹೇಳಿದರು. ನನಗೆ ಅದು ಒಪ್ಪಿಗೆಯಿಲ್ಲ. 2017ರ ಜುಲೈನಲ್ಲಿ ವ್ಯಾಟ್ ಹೋಗಿ ಜಿಎಸ್‌ಟಿ ಬಂದಾಗ ತೆರಿಗೆಯ ಭಾಗ ಪೂರ್ತಿ ಬದಲಾಯಿತು. ಯಾವ ಸಾಲು ಯಾಕೆ ಬಂತು, ರಾಶಿ, ಬೆಟ್ಟೆ, ಗೊರಬಲು ಈ ಅಡಿಕೆ ಬಗೆಗಳ ಲೆಕ್ಕದಲ್ಲಿ ಯಾವ ಮಂಡಿಯವರು ಏನು ಕೇಳಿದ್ದರು ಅನ್ನುವುದು ಕಮಿಟ್ ಮೆಸೇಜುಗಳಲ್ಲಿ ಮಾತ್ರ ಇದೆ. ಬರೆದವರಲ್ಲಿ ಕೆಲವರು ಕೆಲಸ ಬಿಟ್ಟು ಹೋಗಿದ್ದಾರೆ, ಕೇಳೋಣ ಅಂದರೆ ಅವರಿಲ್ಲ.

ತೊಡಕುಗಳು ಇವು. ಶುರುವಿನ ಕಮಿಟ್‌ಗಳಲ್ಲಿ ಟ್ರಂಕ್ (ಮುಖ್ಯ ಕೋಡಿನ ಫೋಲ್ಡರ್), ಬ್ರಾಂಚ್ (ಪ್ರತ್ಯೇಕ ಕವಲು) ಅಂತ ಏನೂ ಇರಲಿಲ್ಲ, ಎಲ್ಲ ರೂಟ್‌ನಲ್ಲೇ ಇತ್ತು, ಆಮೇಲೆ ಟ್ರಂಕ್‌ಗೆ ಸರಿಸಿದ್ದು. ಎಸ್‌ವಿಎನ್ ಹಿಸ್ಟರಿಯನ್ನು ಗಿಟ್‌ಗೆ ತರುವ ಗಿಟ್-ಎಸ್‌ವಿಎನ್ ಓಡಿಸಿದರೆ ಹಿಸ್ಟರಿ ಅಲ್ಲಿಗೇ ಕತ್ತರಿಸಿದ ಹಾಗೆ ನಿಲ್ಲುತ್ತಿದೆ. ಸೆಟಪ್ ಫೈಲು, ಡೇಟಾಬೇಸ್ ಬ್ಯಾಕಪ್ಪುಗಳನ್ನೂ ಒಳಗೇ ಹಾಕಿದ್ದಾರೆ. ಮತ್ತೆ ನಮ್ಮ ದೂರಿನ ರಿಜಿಸ್ಟರಿನಲ್ಲಿ ಎಲ್ಲ ಕಡೆ ಎಸ್‌ವಿಎನ್ ರಿವಿಷನ್ ನಂಬರೇ (ಪ್ರತಿ ಕಮಿಟ್‌ನ ಕ್ರಮಸಂಖ್ಯೆ) ಇದೆ, ಗಿಟ್‌ಗೆ ಹೋದ ಮೇಲೆ ಅವನ್ನು ಹುಡುಕುವುದು ಹೇಗೆ?

ತುಂಗಾತೀರ

ನೀವು ಹಿಸ್ಟರಿ ಉಳಿಸಬೇಕು ಅಂದಿದ್ದು ಸರಿ ಸರ್, ಆ ವಿಷಯದಲ್ಲಿ ಯಾರ ಮಾತಿಗೂ ಬಗ್ಗಬೇಡಿ.

ಮೊದಲು ಎಸ್‌ವಿಎನ್‌ಅಡ್ಮಿನ್ ಡಂಪ್ (ಇಡೀ ರೆಪೊದ, ಅಂದರೆ ಕೋಡ್ ಸಂಗ್ರಹದ, ಪ್ರತಿ) ತೆಗೆದು ನಿಮ್ಮ ಕಂಪ್ಯೂಟರಿನಲ್ಲೇ ಲೋಡ್ ಮಾಡಿಕೊಳ್ಳಿ. ಗಿಟ್-ಎಸ್‌ವಿಎನ್ ಒಂದೊಂದೇ ರಿವಿಷನ್ ಕೇಳಿ ತರಿಸಿಕೊಳ್ಳುತ್ತದೆ, ನೆಟ್ ಮೇಲೆ ಅದು ಬಹಳ ನಿಧಾನ. ನಡುವೆ ಕರೆಂಟು ಹೋದರೆ ಫೆಚ್ ಕೊಟ್ಟು ನಿಂತಲ್ಲಿಂದ ಮುಂದುವರಿಸಬಹುದು, ಆದರೂ ಲೋಕಲ್ ಕಾಪಿ ಇದ್ದರೆ ಆ ತಲೆಬಿಸಿಯೇ ಬೇಡ ಅಲ್ವಾ.

ಎರಡನೆಯದು ಆಥರ್ಸ್ ಫೈಲ್, ಅಂದರೆ ಕಮಿಟ್ ಮಾಡಿದವರ ಪಟ್ಟಿ. ಎಸ್‌ವಿಎನ್‌ನಲ್ಲಿ ಬರೀ ಲಾಗಿನ್ ಹೆಸರು ಇರುತ್ತದೆ, ಗಿಟ್‌ಗೆ ಪೂರ್ತಿ ಹೆಸರು ಮತ್ತು ಇಮೇಲ್ ಬೇಕು. ಒಬ್ಬರ ಹೆಸರು ಬಿಟ್ಟುಹೋದರೂ ಗಿಟ್-ಎಸ್‌ವಿಎನ್ ಅಲ್ಲೇ ನಿಲ್ಲುತ್ತದೆ. ಅದು ಒಳ್ಳೆಯದೇ, ಯಾರೂ ತಪ್ಪಿಹೋಗುವುದಿಲ್ಲ. ಕೆಲಸ ಬಿಟ್ಟವರ ಹೆಸರನ್ನೂ ಸರಿಯಾಗಿ ಹಾಕಿ, ಸುಮ್ನೆ ಅಡ್ಮಿನ್ ಅಂತ ಹಾಕಬೇಡಿ, ಅದು ಅವರ ಕೆಲಸ.

ರಿವಿಷನ್ ನಂಬರಿನ ಚಿಂತೆ ಬೇಡ. ಬಹಳ ಕಡೆ ನೋ-ಮೆಟಾಡೇಟಾ ಆಯ್ಕೆ ಹಾಕಿ ಅಂತ ಬರೆದಿರುತ್ತಾರೆ. ನೀವು ಹಾಕಬೇಡಿ. ಆಗ ಪ್ರತಿ ಮೆಸೇಜಿನ ಕೊನೆಗೆ ಹಳೆಯ ರಿವಿಷನ್ ನಂಬರು ಉಳಿಯುತ್ತದೆ, ಗಿಟ್ ಲಾಗ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಟ್ಯಾಗುಗಳು (ಬಿಡುಗಡೆಗಳಿಗೆ ಹಾಕಿದ ಗುರುತು) ಮಾತ್ರ ರಿಮೋಟ್ ಬ್ರಾಂಚುಗಳಾಗಿ ಬರುತ್ತವೆ, ಅವನ್ನು ಆಮೇಲೆ ನಿಜವಾದ ಟ್ಯಾಗ್ ಮಾಡಿಕೊಳ್ಳಬೇಕು.

ಕೊಡಚಾದ್ರಿ_ಕೆಳಗೆ

ರೂಟ್‌ನಿಂದ ಟ್ರಂಕ್‌ಗೆ ಸರಿಸಿದ ರೆಪೊಗೆ ಗಿಟ್-ಎಸ್‌ವಿಎನ್ ಜೊತೆ ಗುದ್ದಾಡಬೇಡಿ ಮಾರಾಯ್ರೆ. ಲಿನಕ್ಸ್ ಡೆಸ್ಕ್‌ಟಾಪ್ ಮಾಡುವ ಕೆಡಿಇ ತಂಡದವರು ತಮ್ಮ ದೊಡ್ಡ ರೆಪೊ ಸಾಗಿಸಲು ಮಾಡಿಕೊಂಡ ಎಸ್‌ವಿಎನ್2ಗಿಟ್ ತಗೊಳ್ಳಿ. ಇದೇ ಹೆಸರಿನ ಇನ್ನೊಂದಿದೆ, ರೂಬಿಯಲ್ಲಿ ಬರೆದದ್ದು, ಅದು ಒಳಗೆ ಗಿಟ್-ಎಸ್‌ವಿಎನ್ ಅನ್ನೇ ಕರೆಯುತ್ತದೆ, ನಿಮಗೆ ಉಪಯೋಗವಿಲ್ಲ. ಕೆಡಿಇಯದಕ್ಕೆ ರೂಲ್ಸ್ ಫೈಲ್ ಬರೆದುಕೊಡಬೇಕು: ಇಂಥ ರಿವಿಷನ್‌ವರೆಗೆ ರೂಟ್ ಅಂದರೆ ಮಾಸ್ಟರ್ (ಗಿಟ್‌ನ ಮುಖ್ಯ ಬ್ರಾಂಚ್), ಅಲ್ಲಿಂದಾಚೆಗೆ ಟ್ರಂಕ್ ಅಂದರೆ ಮಾಸ್ಟರ್. ರಿವಿಷನ್ ಮಿತಿ ಹಾಕಲು ಅದರಲ್ಲಿ ಅವಕಾಶವಿದೆ. ಮೇಲೆ ಹೇಳಿದ ಆಥರ್ಸ್ ಫೈಲನ್ನು ಅದೂ ಓದುತ್ತದೆ. ಆ್ಯಡ್-ಮೆಟಾಡೇಟಾ ಆಯ್ಕೆ ಕೊಟ್ಟರೆ ರಿವಿಷನ್ ನಂಬರೂ ಮೆಸೇಜಿಗೆ ಸೇರುತ್ತದೆ. ಸರ್ವರ್ ವಿಳಾಸ ಕೊಟ್ಟರೆ ನಡೆಯುವುದಿಲ್ಲ, ರೆಪೊ ಅದೇ ಡಿಸ್ಕಿನಲ್ಲಿರಬೇಕು, ಹಾಗಾಗಿ ಆ ಡಂಪ್ ಇಲ್ಲೂ ಬೇಕು.

ಬ್ಯಾಕಪ್ಪುಗಳನ್ನು ಗಿಟ್ ಫಿಲ್ಟರ್-ರೆಪೊದಿಂದ ತೆಗೆಯಿರಿ, ಅದು ಹಳೆಯ ಹಿಸ್ಟರಿಯಿಂದಲೂ ಫೈಲು ಅಳಿಸುತ್ತದೆ. ಗಿಟ್ ರೆಪೊ ಇಡುವ ಆನ್‌ಲೈನ್ ತಾಣ ಗಿಟ್‌ಹಬ್ 100 ಎಂಬಿ ದಾಟಿದ ಫೈಲನ್ನು ತಗೊಳ್ಳುವುದೇ ಇಲ್ಲ. ಅದಕ್ಕಿಂತ ಜಾಸ್ತಿ ಮುಖ್ಯವಾದದ್ದು, ಆ ಬ್ಯಾಕಪ್ಪುಗಳಲ್ಲಿ ರೈತರ ಸಾಲದ ಲೆಕ್ಕ ಇರುತ್ತದೆ, ಅದು ಎಲ್ಲರ ಲ್ಯಾಪ್‌ಟಾಪಿಗೂ ಹೋಗಬಾರದು. ಈ ಕೆಲಸ ಯಾರೂ ಕ್ಲೋನ್ (ತಮ್ಮ ಪ್ರತಿ) ಮಾಡುವ ಮೊದಲೇ ಮುಗಿಯಬೇಕು, ಯಾಕೆಂದರೆ ಫೈಲು ತೆಗೆದ ಜಾಗದಿಂದ ಮುಂದಿನ ಕಮಿಟ್ ಹ್ಯಾಶ್‌ಗಳೆಲ್ಲ (ಗಿಟ್ ಪ್ರತಿ ಕಮಿಟ್‌ಗೆ ಕೊಡುವ ಗುರುತು) ಬದಲಾಗುತ್ತವೆ.

ಮಂಡಿಲೆಕ್ಕ, ಶಿವಮೊಗ್ಗ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರೂಲ್ಸ್ ಫೈಲ್ ಬರೆದು ಓಡಿಸಿದೆ, ಮೊದಲ ಕಮಿಟ್‌ನಿಂದ ಇವತ್ತಿನವರೆಗೆ ಒಂದೇ ಎಳೆಯಾಗಿ ಬಂತು, ನೋಡಿ ಬಹಳ ಖುಷಿಯಾಯಿತು. ಇನ್ನೆರಡು ಪ್ರಶ್ನೆ. ಎಲ್ಲ ಸರಿಯಾಗಿ ಬಂದಿದೆ ಅಂತ ನೋಡುವುದು ಹೇಗೆ? ಕೋಡಿನೊಳಗಿನ ಹಳೆಯ ಕಾಮೆಂಟುಗಳು ನುಡಿಯ ಯೂನಿಕೋಡ್ ಅಲ್ಲದ ಫಾಂಟಿನಲ್ಲಿವೆ, ಗಿಟ್‌ನಲ್ಲಿ ಓದಲು ಬರುವುದಿಲ್ಲ. ಸಾಗಿಸುವಾಗಲೇ ಯೂನಿಕೋಡ್ ಮಾಡಿಬಿಡಲೇ?

ತುಂಗಾತೀರ

ಗಿರಾಕಿಗಳಿಗೆ ಕೊಟ್ಟ ಪ್ರತಿ ಬಿಡುಗಡೆಯ ಟ್ಯಾಗನ್ನೂ ಎಸ್‌ವಿಎನ್‌ನಿಂದ ಎಕ್ಸ್‌ಪೋರ್ಟ್ ಮಾಡಿ, ಗಿಟ್‌ನ ಅದೇ ಟ್ಯಾಗ್ ಪಕ್ಕದಲ್ಲಿಟ್ಟು ಡಿಫ್ (ಹೋಲಿಕೆ) ಮಾಡಿ. ಎಕ್ಸ್‌ಪೋರ್ಟ್‌ಗೆ ಇಗ್ನೋರ್-ಕೀವರ್ಡ್ಸ್ ಕೊಡಿ, ಇಲ್ಲದಿದ್ದರೆ ಕೀವರ್ಡ್ (ಎಸ್‌ವಿಎನ್ ತಾನೇ ತುಂಬುವ ರಿವಿಷನ್, ದಿನಾಂಕದಂಥ ಗುರುತು) ಇರುವ ಫೈಲೆಲ್ಲ ಬೇರೆಯಾಗಿ ಕಾಣುತ್ತದೆ. ಖಾಲಿ ಫೋಲ್ಡರು, ಸಾಲಿನ ಕೊನೆಯ ಗುರುತು ಇವುಗಳಲ್ಲಿ ವ್ಯತ್ಯಾಸ ಬಂದರೆ ಗಾಬರಿ ಬೇಡ. ನೀವು ತೆಗೆದ ಬ್ಯಾಕಪ್ಪುಗಳನ್ನು ಬಿಟ್ಟು ಇನ್ನೇನಾದರೂ ಬೇರೆ ಕಂಡರೆ ರೂಲ್ಸ್ ಫೈಲ್ ಮತ್ತೆ ನೋಡಬೇಕು. ಹಳೆಯ ಎಸ್‌ವಿಎನ್ ಅಳಿಸಬೇಡಿ, ಪ್ರಿ-ಕಮಿಟ್ ಹುಕ್‌ನಲ್ಲಿ (ಕಮಿಟ್‌ಗೆ ಮೊದಲು ಸರ್ವರಿನಲ್ಲಿ ಓಡುವ ಸ್ಕ್ರಿಪ್ಟ್) ಹೊಸ ಕಮಿಟ್ ತಡೆದು ಓದುವುದಕ್ಕೆ ಇಟ್ಟುಕೊಳ್ಳಿ.

ಸಾಗಿಸುವಾಗ ಕಾಮೆಂಟ್ ಮುಟ್ಟಲೇಬೇಡಿ. ಮುಟ್ಟಿದರೆ ಈ ಹೋಲಿಕೆಗೆ ಅರ್ಥವೇ ಇರುವುದಿಲ್ಲ. ಎಲ್ಲ ಮುಗಿದ ಮೇಲೆ ಯೂನಿಕೋಡ್ ಬದಲಾವಣೆಯನ್ನು ಒಂದೇ ಪ್ರತ್ಯೇಕ ಕಮಿಟ್ ಮಾಡಿ. ಬ್ಲೇಮ್ (ಯಾವ ಸಾಲು ಯಾವ ಕಮಿಟ್‌ನಲ್ಲಿ ಬಂತು ಅಂತ ತೋರಿಸುವುದು) ನೋಡುವಾಗ ಆ ಕಮಿಟ್ ಬಿಟ್ಟು ಹಿಂದಿನದನ್ನು ತೋರಿಸು ಅನ್ನಲು ಇಗ್ನೋರ್-ರೆವ್ಸ್-ಫೈಲ್ ಇದೆ, ಗಿಟ್ 2.23 ಅಥವಾ ಅದಕ್ಕಿಂತ ಹೊಸದು ಬೇಕು.